ಮನಸ್ಸಿನ ಡಾಕ್ಟರ ಕೋಣೆಯಲ್ಲಿ ವಸಡಿನ ಬಗ್ಗೆಯೂ ಒಂದು ಮಾತು ಕೇಳಲಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ವಿಷಯ: ತಾಲ್ಲೂಕು ಆಸ್ಪತ್ರೆಗಳಲ್ಲಿ ಮಾನಸಿಕ ಆರೋಗ್ಯ ವಿಭಾಗ ಮತ್ತು ದಂತ ವಿಭಾಗ ಒಬ್ಬರ ರೋಗಿಯನ್ನು ಇನ್ನೊಬ್ಬರು ನೋಡುವ ವ್ಯವಸ್ಥೆ ಮಾಡುವ ಬಗ್ಗೆ.

ಮಾನ್ಯರೇ,

ನಾನು ಹಾಸನ ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ, ಬಸ್ ಸ್ಟ್ಯಾಂಡ್ ಹಿಂದಿನ ರಸ್ತೆಯಲ್ಲಿ, ಇಪ್ಪತ್ತೆರಡು ವರ್ಷದಿಂದ ಹಲ್ಲಿನ ಕ್ಲಿನಿಕ್ ನಡೆಸುತ್ತಿದ್ದೇನೆ. ಒಂದು ಕುರ್ಚಿ, ಒಬ್ಬಳು ಸಹಾಯಕಿ, ಮಧ್ಯಾಹ್ನ ಕರೆಂಟ್ ಹೋದರೆ ಯುಪಿಎಸ್. ನಿಮಗೆ ಪತ್ರ ಬರೆಯಬೇಕೆಂದು ಎರಡು ವರ್ಷದಿಂದ ಅಂದುಕೊಳ್ಳುತ್ತಲೇ ಇದ್ದೆ. ಕಚೇರಿಗೆ ಕಳಿಸಿದರೆ ಸ್ವೀಕೃತಿ ಮುದ್ರೆ ಬಿದ್ದು ಕಡತ ಸೇರಬಹುದು ಅನ್ನಿಸಿತು. ಅದಕ್ಕೇ ನಾಲ್ಕು ಜನ ಓದುವ ಹಾಗೆ ಬಹಿರಂಗವಾಗಿ ಬರೆಯುತ್ತಿದ್ದೇನೆ. ನಾಲ್ವರಲ್ಲಿ ಒಬ್ಬರಾದರೂ ನಿಮ್ಮ ಕಿವಿಗೆ ಹಾಕುತ್ತಾರೆ ಎಂಬ ನಂಬಿಕೆ ಇದೆ.

ನನ್ನ ಕ್ಲಿನಿಕ್ಕಿಗೆ ಬಂದ ಒಬ್ಬ ಹೆಂಗಸಿನಿಂದ ಶುರು ಮಾಡುತ್ತೇನೆ. ವಯಸ್ಸು ನಲವತ್ತೆಂಟರ ಆಸುಪಾಸು, ದೇವಸ್ಥಾನದ ಮುಂದೆ ಹೂ ಮಾರುವವರು. ಒಳಗೆ ಬಂದವರು ಬಾಯಿಗೆ ಅಡ್ಡ ಹಿಡಿದ ಸೆರಗು ತೆಗೆಯಲೇ ಇಲ್ಲ. ಮುಂದಿನ ಹಲ್ಲು ಅಲ್ಲಾಡುತ್ತಿದೆ, ಕಿತ್ತುಬಿಡಿ ಡಾಕ್ಟ್ರಮ್ಮ ಅಂದರು. ಬೇರೆ ಏನಾದರೂ ಮಾತ್ರೆ ತಗೊಳ್ತಿದ್ದೀರಾ ಎಂದು ಕೇಳಿದ್ದಕ್ಕೆ ಕೈಚೀಲದಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದು ಮೇಜಿನ ಮೇಲೆ ಸುರಿದರು. ಎರಡು ಇಸಿಜಿ, ಥೈರಾಯ್ಡ್ ರಿಪೋರ್ಟು, ಒಂದು ಎಕೋ, ಮೂರು ಬೇರೆ ಬೇರೆ ಡಾಕ್ಟರ ಚೀಟಿ, ಅರ್ಧ ಖಾಲಿಯಾದ ಮಾತ್ರೆ ಹಾಳೆಗಳು. ಒಂದೂವರೆ ವರ್ಷದಿಂದ ಎದೆ ಢವಢವ, ಕೈ ನಡುಕ, ರಾತ್ರಿ ಮೂರಕ್ಕೆ ಎಚ್ಚರವಾದರೆ ಬೆಳಗಿನವರೆಗೂ ಏನೋ ಆಗಿಬಿಡುತ್ತದೆ ಎಂಬ ಗಾಬರಿ. ಹೃದಯದಲ್ಲಿ ಏನೂ ಇಲ್ಲ ಎಂದು ಎಲ್ಲರೂ ಹೇಳಿದ್ದರು. ಕೊನೆಗೆ ಮನೋವೈದ್ಯರ ಹತ್ತಿರ ಹೋಗಿ, ಆತಂಕದ ಕಾಯಿಲೆ ಎಂದು ಗೊತ್ತಾಗಿ, ಮಾತ್ರೆ ಶುರುವಾಗಿತ್ತು.

ನಾನು ಪ್ರೋಬ್ ಹಾಕಿ ಅಳೆದೆ. ಪ್ರೋಬ್ ಅಂದರೆ ಮಿಲಿಮೀಟರ್ ಗುರುತು ಹಾಕಿದ ಸಣ್ಣ ಕಡ್ಡಿ. ಹಲ್ಲು ಮತ್ತು ವಸಡಿನ ನಡುವೆ ಮೆಲ್ಲಗೆ ಇಳಿಸಿದರೆ ಎಷ್ಟು ಆಳಕ್ಕೆ ಹೋಗುತ್ತದೆ ಎಂದು ಗೊತ್ತಾಗುತ್ತದೆ. ಆರೋಗ್ಯವಾಗಿರುವ ಬಾಯಲ್ಲಿ ಒಂದರಿಂದ ಮೂರು ಮಿಲಿಮೀಟರ್. ನಾಲ್ಕು ದಾಟಿದರೆ ವಸಡು ಹಲ್ಲನ್ನು ಬಿಡುತ್ತಿದೆ ಎಂದು ಅರ್ಥ. ನಾನು ಐದು, ಆರು, ಏಳು, ಆರು ಎಂದು ಹೇಳುತ್ತಾ ಹೋದೆ, ಸಹಾಯಕಿ ಬರೆದುಕೊಳ್ಳುತ್ತಾ ಹೋದಳು. ಕಡ್ಡಿ ತೆಗೆದ ಕಡೆಯೆಲ್ಲ ರಕ್ತ ಒಸರಿತು. ಅರ್ಧಕ್ಕೆ ಅವರು ಕೈ ಎತ್ತಿ ನಿಲ್ಲಿಸಿ, 'ಏನು ಡಾಕ್ಟ್ರಮ್ಮ, ನಾನು ಮೊಳ ಹಾಕಿದ ಹಾಗೆ ನೀವೂ ಹಾಕ್ತಿದ್ದೀರಲ್ಲ' ಅಂದರು. ಎಷ್ಟು ವರ್ಷದಿಂದ ಹಲ್ಲುಜ್ಜುವಾಗ ರಕ್ತ ಬರುತ್ತಿದೆ ಎಂದು ಕೇಳಿದೆ. 'ಅದು ಬರ್ತಾನೇ ಇರುತ್ತಲ್ಲ' ಅಂದರು.

ಮಾನ್ಯರೇ, ಆ ಕವರಿನಲ್ಲಿದ್ದ ಕಾಗದಗಳನ್ನೆಲ್ಲ ಓದಿದೆ. ಎದೆ, ಗಂಟಲು, ರಕ್ತ, ಮನಸ್ಸು, ಎಲ್ಲ ನೋಡಿದ್ದರು. ಬಾಯಿ ತೆಗೆಯಿರಿ ಎಂದು ಒಬ್ಬರೂ ಹೇಳಿರಲಿಲ್ಲ. ಆ ಡಾಕ್ಟರುಗಳ ತಪ್ಪು ಎಂದು ಬರೆಯುತ್ತಿಲ್ಲ. ನಮಗೆ ಕಾಲೇಜಿನಲ್ಲಿ ಕಲಿಸಿದ್ದೇ ಹಾಗೆ. ಕುತ್ತಿಗೆಯಿಂದ ಕೆಳಗೆ ನಮಗೆ ಬೇಡ, ತುಟಿಯಿಂದ ಒಳಗೆ ಅವರಿಗೆ ಬೇಡ.

ವಸಡಿನ ರೋಗ ಎಂದರೆ ಎಷ್ಟು ದೊಡ್ಡದು ಎಂಬುದೇ ಕಣ್ಣಿಗೆ ಕಾಣುವುದಿಲ್ಲ. ಹಲ್ಲಿನ ಬುಡದಲ್ಲಿ ಕೂತ ಪಾಚಿ ಗಾರೆಯ ಹಾಗೆ ಗಟ್ಟಿಯಾಗುತ್ತದೆ, ಅದರ ಕೆಳಗೆ ಗಾಳಿಯಾಡದ ಜಾಗದಲ್ಲಿ ಬ್ಯಾಕ್ಟೀರಿಯಾ ಸಂಸಾರ ಹೂಡುತ್ತವೆ, ವಸಡಿನ ಒಳಗೋಡೆ ಹುಣ್ಣಾಗುತ್ತದೆ, ನಿಧಾನವಾಗಿ ಮೂಳೆ ಕರಗುತ್ತದೆ. ಹಳಬರು ಪಯೋರಿಯಾ ಎನ್ನುತ್ತಿದ್ದದ್ದು ಇದಕ್ಕೇ. ಇಡೀ ಬಾಯಿಗೆ ಹರಡಿದ ರೋಗದಲ್ಲಿ ಹೀಗೆ ಉರಿಯೂತ ಹತ್ತಿದ ಒಳಗೋಡೆಯನ್ನೆಲ್ಲ ಬಿಡಿಸಿ ಹಾಸಿದರೆ 8ರಿಂದ 20 ಚದರ ಸೆಂಟಿಮೀಟರ್ ಆಗುತ್ತದೆ ಎಂಬ ಲೆಕ್ಕವಿದೆ. ಹೆಚ್ಚೆಂದರೆ ಒಂದು ಬೆಂಕಿಪೊಟ್ಟಣದ ಮುಖದಷ್ಟು. ಅಷ್ಟಗಲದ ಹುಣ್ಣು ಮುಂಗೈ ಮೇಲೆ ಆಗಿ, ದಿನಾ ರಕ್ತ ಬರುತ್ತಿದ್ದರೆ ಯಾರಾದರೂ ಹತ್ತು ವರ್ಷ ಸುಮ್ಮನಿರುತ್ತಾರೆಯೇ? ಇದು ಬಾಯೊಳಗಿದೆ, ನೋಯುವುದಿಲ್ಲ, ಅದಕ್ಕೇ ಸುಮ್ಮನಿರುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯ ಪ್ರಕಾರ ತೀವ್ರವಾದ ವಸಡಿನ ರೋಗ ಇರುವವರು ಜಗತ್ತಿನಲ್ಲಿ 100 ಕೋಟಿಗೂ ಹೆಚ್ಚು.

ಈ ರೋಗದಲ್ಲಿ ಮುಂದಾಳು ಒಂದು ಬ್ಯಾಕ್ಟೀರಿಯಾ ಇದೆ, ಹೆಸರು ಪೋರ್ಫಿರೋಮೊನಾಸ್ ಜಿಂಜಿವಾಲಿಸ್. ಅದಕ್ಕೆ ಬದುಕಲು ರಕ್ತದ ಕಬ್ಬಿಣದ ಅಂಶ ಬೇಕು. ಅದನ್ನು ಪಡೆಯಲು ಜಿಂಜಿಪೇನ್ ಎಂಬ ಕಿಣ್ವಗಳನ್ನು ಬಿಡುತ್ತದೆ. ಇವು ಕತ್ತರಿಯ ಹಾಗೆ ನಮ್ಮ ದೇಹದ ಪ್ರೋಟೀನುಗಳನ್ನು ತುಂಡರಿಸುತ್ತವೆ. ವಸಡು ರಕ್ತ ಸುರಿಸಿದಷ್ಟೂ ಅದಕ್ಕೆ ಊಟ, ಊಟ ಸಿಕ್ಕಷ್ಟೂ ವಸಡು ಇನ್ನಷ್ಟು ಹಾಳು. ರೋಗವಿರುವ ಬಾಯಲ್ಲಿ ಅಗಿಯುವಾಗ, ಉಜ್ಜುವಾಗ ಈ ಬ್ಯಾಕ್ಟೀರಿಯಾ, ಅದರ ಹೊರಕವಚದ ಚೂರುಗಳು, ಕಿಣ್ವಗಳು ರಕ್ತಕ್ಕೆ ಇಳಿಯುತ್ತವೆ. ಇದು ಯಾರೂ ತಕರಾರು ತೆಗೆಯದ ಮಾತು.

ರಕ್ತಕ್ಕೆ ಇಳಿದದ್ದು ಎಲ್ಲಿಗೆ ಹೋಗುತ್ತದೆ ಎಂಬಲ್ಲಿಂದ ಹೊಸ ಸಂಗತಿ ಶುರು. 2013ರಲ್ಲಿ ಇಂಗ್ಲೆಂಡಿನ ಸೆಂಟ್ರಲ್ ಲ್ಯಾಂಕಶೈರ್ ವಿಶ್ವವಿದ್ಯಾಲಯದ ತಂಡವೊಂದು ತೀರಿಹೋದವರ ಮೆದುಳನ್ನು ಪರೀಕ್ಷಿಸಿತು. ಆಲ್‌ಝೈಮರ್ ಎಂಬ ಮರೆವಿನ ಕಾಯಿಲೆ ಇದ್ದ ಹತ್ತು ಮೆದುಳುಗಳಲ್ಲಿ ನಾಲ್ಕರಲ್ಲಿ ಈ ಬ್ಯಾಕ್ಟೀರಿಯಾದ ಹೊರಕವಚದ ಅಂಶ ಸಿಕ್ಕಿತು. ಆ ಕಾಯಿಲೆ ಇಲ್ಲದ ಹತ್ತರಲ್ಲಿ ಒಂದರಲ್ಲೂ ಇರಲಿಲ್ಲ. 2016ರಲ್ಲಿ ಸೌತಾಂಪ್ಟನ್ ಮತ್ತು ಲಂಡನ್ನಿನ ಸಂಶೋಧಕರು ಆಲ್‌ಝೈಮರ್ ಇದ್ದ ಸುಮಾರು 60 ಜನರನ್ನು ಆರು ತಿಂಗಳು ಗಮನಿಸಿ, ವಸಡಿನ ರೋಗ ಇದ್ದವರ ನೆನಪು ಮತ್ತು ಗ್ರಹಿಕೆ ಉಳಿದವರಿಗಿಂತ ಆರು ಪಟ್ಟು ವೇಗವಾಗಿ ಕುಂದಿತು ಎಂದು ತಿಳಿಸಿದರು. 2019ರ ಜನವರಿಯಲ್ಲಿ 'ಸೈನ್ಸ್ ಅಡ್ವಾನ್ಸಸ್' ಪತ್ರಿಕೆಯಲ್ಲಿ ಬಂದ ಅಧ್ಯಯನ ಇನ್ನೂ ಮುಂದೆ ಹೋಯಿತು. ಪರೀಕ್ಷಿಸಿದ ಆಲ್‌ಝೈಮರ್ ಮೆದುಳಿನ ಮಾದರಿಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚರಲ್ಲಿ ಜಿಂಜಿಪೇನ್ ಪತ್ತೆಯಾಯಿತು. ಇಲಿಗಳ ಬಾಯಿಗೆ ಆರು ವಾರ ಈ ಬ್ಯಾಕ್ಟೀರಿಯಾ ಹಚ್ಚಿದಾಗ ಅದು ಮೆದುಳು ಸೇರಿತು.

ಇಲ್ಲಿಗೆ ನಿಲ್ಲಿಸಿಬಿಟ್ಟರೆ ನಾನು ನಿಮಗೂ ಓದುಗರಿಗೂ ಮೋಸ ಮಾಡಿದ ಹಾಗೆ. ಆ ಅಧ್ಯಯನದ ಹಿಂದಿದ್ದದ್ದು ಜಿಂಜಿಪೇನ್ ತಡೆಯುವ ಔಷಧ ತಯಾರಿಸುತ್ತಿದ್ದ ಅಮೆರಿಕದ ಕಂಪನಿ ಕಾರ್ಟೆಕ್ಸೈಮ್. ಅವರು ಆ ಔಷಧವನ್ನು 643 ರೋಗಿಗಳ ಮೇಲೆ ಪರೀಕ್ಷಿಸಿದರು. 2021ರ ಅಕ್ಟೋಬರಿನಲ್ಲಿ ಫಲಿತಾಂಶ ಬಂತು: ಒಟ್ಟಾರೆಯಾಗಿ ಕಾಯಿಲೆಯ ವೇಗ ತಗ್ಗಲಿಲ್ಲ. ಕೆಲವರ ಯಕೃತ್ತಿಗೆ ತೊಂದರೆ ಕಾಣಿಸಿಕೊಂಡಿತು, ಮರುವರ್ಷ ಅಮೆರಿಕದ ಔಷಧ ನಿಯಂತ್ರಕರು ಪರೀಕ್ಷೆಗೆ ತಡೆ ಹಾಕಿದರು. ಅಂದರೆ ಮೆದುಳಿನಲ್ಲಿ ಬ್ಯಾಕ್ಟೀರಿಯಾದ ಗುರುತು ಸಿಕ್ಕ ಮಾತ್ರಕ್ಕೆ ಕಾಯಿಲೆಗೆ ಅದೇ ಕಾರಣ ಎಂದಾಗುವುದಿಲ್ಲ. ಕಾಯಿಲೆಯಿಂದ ದುರ್ಬಲವಾದ ಮೆದುಳಿಗೆ ಅದು ಆಮೇಲೆ ನುಗ್ಗಿರಬಹುದು. ಮರೆವು ಬಂದವರು ಹಲ್ಲುಜ್ಜುವುದನ್ನೂ ಮರೆಯುತ್ತಾರೆ ಎಂಬುದೂ ಅಷ್ಟೇ ನಿಜ.

ಆತಂಕದ ವಿಷಯಕ್ಕೆ ಬರೋಣ, ಏಕೆಂದರೆ ನನ್ನ ಕುರ್ಚಿಯಲ್ಲಿ ಕೂರುವವರಲ್ಲಿ ಮರೆವಿನವರಿಗಿಂತ ಗಾಬರಿಯವರೇ ಹೆಚ್ಚು. 2001ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಒಂದು ಪ್ರಯೋಗ ಪ್ರಕಟವಾಯಿತು. ಆರೋಗ್ಯವಾಗಿದ್ದ 20 ಗಂಡಸರಿಗೆ ಸಾಲ್ಮೊನೆಲ್ಲಾ ಜಾತಿಯ ಬ್ಯಾಕ್ಟೀರಿಯಾದ ಹೊರಕವಚದ ಅಂಶವನ್ನು ಅತಿ ಸಣ್ಣ ಪ್ರಮಾಣದಲ್ಲಿ ಚುಚ್ಚಿದರು. ಜೀವಂತ ಬ್ಯಾಕ್ಟೀರಿಯಾ ಅಲ್ಲ, ಬರೀ ಅದರ ಕವಚದ ಚೂರು. ಕೆಲವೇ ಗಂಟೆಗಳಲ್ಲಿ ಅವರ ಆತಂಕ ಏರಿತು, ಮನಸ್ಸು ಕುಗ್ಗಿತು, ನೆನಪು ಮಂಕಾಯಿತು. ರಕ್ತದಲ್ಲಿ ಉರಿಯೂತದ ಸಂಕೇತಗಳಾದ ಸೈಟೊಕೈನ್‌ಗಳು ಎಷ್ಟು ಏರಿದವೋ ಮನಸ್ಸೂ ಆ ಮಟ್ಟಿಗೆ ಕದಡಿತ್ತು. ಹೆಪಟೈಟಿಸ್ ಸಿ ಕಾಯಿಲೆಗೆ ಹಿಂದೆ ಇಂಟರ್‌ಫೆರಾನ್ ಕೊಡುತ್ತಿದ್ದ ಕಾಲದ ಡಾಕ್ಟರುಗಳಿಗೂ ಇದು ಗೊತ್ತು. ಉರಿಯೂತ ಎಬ್ಬಿಸುವ ಆ ಔಷಧ ಪಡೆದವರಲ್ಲಿ ಮೂರು-ನಾಲ್ಕು ಜನರಿಗೆ ಒಬ್ಬರು ಖಿನ್ನತೆಗೆ ಜಾರುತ್ತಿದ್ದರು.

ದೇಹದ ಉರಿ ಮನಸ್ಸಿಗೆ ತಲುಪುವುದಕ್ಕೆ ದಾರಿಗಳಿವೆ. ಸೈಟೊಕೈನ್‌ಗಳು ರಕ್ತದ ಮೂಲಕ ಮೆದುಳಿನ ಗಡಿ ತಟ್ಟುತ್ತವೆ. ವೇಗಸ್ ಎಂಬ ನರ ಹೊಟ್ಟೆ, ಎದೆಯ ಸುದ್ದಿಯನ್ನು ನೇರವಾಗಿ ಮೆದುಳಿಗೆ ಮುಟ್ಟಿಸುತ್ತದೆ. ಮೆದುಳಿನೊಳಗೆ ಕಾವಲು ಕಾಯುವ ಮೈಕ್ರೋಗ್ಲಿಯಾ ಕೋಶಗಳು ಎಚ್ಚೆತ್ತುಕೊಳ್ಳುತ್ತವೆ. ಮನಸ್ಸಿನ ಹದಕ್ಕೆ ಬೇಕಾದ ಸಿರೊಟೋನಿನ್ ಎಂಬ ರಾಸಾಯನಿಕ ತಯಾರಾಗಲು ಬೇಕಾದ ಟ್ರಿಪ್ಟೊಫ್ಯಾನ್ ಎಂಬ ಅಂಶ ಉರಿಯೂತದ ಸಮಯದಲ್ಲಿ ಬೇರೆ ದಾರಿಗೆ ತಿರುಗಿಕೊಳ್ಳುತ್ತದೆ. ಜ್ವರ ಬಂದ ದಿನ ನಮಗೆ ಯಾರೂ ಬೇಡ ಅನ್ನಿಸುವುದು, ಸಣ್ಣ ಸದ್ದಿಗೂ ಬೆಚ್ಚುವುದು ಇದರಿಂದಲೇ. ಜ್ವರ ಮೂರು ದಿನಕ್ಕೆ ಇಳಿಯುತ್ತದೆ. ವಸಡಿನ ಉರಿ ಹತ್ತು ವರ್ಷ, ಇಪ್ಪತ್ತು ವರ್ಷ, ಸಣ್ಣ ಉರಿಯಲ್ಲಿ ಇಟ್ಟ ಒಲೆಯ ಹಾಗೆ ಇರುತ್ತದೆ.

ವಸಡಿನ ಬ್ಯಾಕ್ಟೀರಿಯಾವನ್ನೇ ಇಲಿಗಳಿಗೆ ಕೊಟ್ಟು ನೋಡಿದ ಪ್ರಯೋಗಗಳಲ್ಲಿ ಅವು ಬಯಲಿಗೆ ಬರಲು ಹೆದರಿ ಗೋಡೆಗೆ ಅಂಟಿಕೊಂಡು ಓಡಾಡಿದ್ದು ಕಂಡಿದೆ. ಇಲಿ ಮನುಷ್ಯನಲ್ಲ. ಮನುಷ್ಯರ ಲೆಕ್ಕ ಬೇಕೆಂದರೆ 2021ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯ ಪ್ರಕಟಿಸಿದ ಅಧ್ಯಯನವಿದೆ. ಬ್ರಿಟನ್ನಿನ ಕುಟುಂಬ ವೈದ್ಯರ ದಾಖಲೆಗಳಿಂದ, ವಸಡಿನ ರೋಗ ಎಂದು ನಮೂದಾಗಿದ್ದ 64,379 ಜನರನ್ನು, ಹಾಗೆ ನಮೂದಾಗಿಲ್ಲದ ಎರಡೂವರೆ ಲಕ್ಷ ಜನರೊಡನೆ ಹೋಲಿಸಿದರು. ಮುಂದಿನ ವರ್ಷಗಳಲ್ಲಿ ಆತಂಕ, ಖಿನ್ನತೆ ಮುಂತಾದ ಮಾನಸಿಕ ತೊಂದರೆ ಬರುವ ಸಂಭವ ಮೊದಲ ಗುಂಪಿನಲ್ಲಿ ಶೇ 37ರಷ್ಟು ಹೆಚ್ಚಿತ್ತು. ಅದೇ ಅಧ್ಯಯನದಲ್ಲಿ ಹೃದಯದ ಕಾಯಿಲೆಗೆ ಸಿಕ್ಕ ಹೆಚ್ಚಳ ಶೇ 18. ಹೃದಯಕ್ಕೂ ವಸಡಿಗೂ ನಂಟಿದೆ ಎಂದು ನಮ್ಮ ಪೋಸ್ಟರುಗಳಲ್ಲಿ ಬರೆದು ಅಂಟಿಸುತ್ತೇವೆ, ಮನಸ್ಸಿನ ಹೆಸರು ಅಲ್ಲಿ ಬರುವುದೇ ಇಲ್ಲ. ಇದೂ ನಂಟಿನ ಲೆಕ್ಕವೇ ಹೊರತು ಕಾರಣದ ಸಾಕ್ಷಿಯಲ್ಲ. ಬೀಡಿ, ಬಡತನ, ಸಕ್ಕರೆ ಕಾಯಿಲೆ ಎರಡನ್ನೂ ಒಟ್ಟಿಗೆ ತರಬಲ್ಲವು. ಎಲ್ಲ ಕಳೆದು ನೋಡಿದರೂ ಕಣ್ಣು ಮುಚ್ಚಿ ಕೂರುವಷ್ಟು ಸಣ್ಣ ನಂಟಲ್ಲ ಇದು, ನನ್ನ ತಿಳಿವಳಿಕೆ ಇಷ್ಟು.

ಈಗ ಇದರ ಇನ್ನೊಂದು ಮಗ್ಗುಲು. ಮನಸ್ಸು ಕೆಟ್ಟರೆ ಬಾಯಿ ಕೆಡುವುದನ್ನು ನಾನು ದಿನವೂ ನೋಡುತ್ತೇನೆ. ನಿದ್ದೆಗೆಟ್ಟವರು ಬೆಳಿಗ್ಗೆ ಬ್ರಷ್ ಹಿಡಿಯುವುದಿಲ್ಲ. ಗಾಬರಿ ತಡೆಯಲಾರದೆ ಹೊಗೆಸೊಪ್ಪು, ಗುಟ್ಕಾ ಜಾಸ್ತಿಯಾಗುತ್ತದೆ. ಗುಟ್ಕಾವನ್ನು ನಮ್ಮ ರಾಜ್ಯ 2013ರಲ್ಲೇ ನಿಷೇಧಿಸಿದೆ, ಆದರೂ ತಂಬಾಕು ಒಂದು ಪೊಟ್ಟಣ, ಅಡಿಕೆ ಪುಡಿ ಒಂದು ಪೊಟ್ಟಣ ಕೊಂಡು ಅಂಗೈಯಲ್ಲೇ ಬೆರೆಸುತ್ತಾರೆ. ರಾತ್ರಿ ಹಲ್ಲು ಕಡಿದು ಸವೆಸಿಕೊಂಡವರು ಬರುತ್ತಾರೆ. ಮನಸ್ಸಿಗೆ ಕೊಡುವ ಎಷ್ಟೋ ಮಾತ್ರೆಗಳು ಬಾಯಿ ಒಣಗಿಸುತ್ತವೆ, ಅಮಿಟ್ರಿಪ್ಟಿಲಿನ್ ಅದರಲ್ಲಿ ಮೊದಲನೆಯದು. ಜೊಲ್ಲು ಬಾಯಿಯ ಕಾವಲುಗಾರ. ಅದು ಒಣಗಿದರೆ ಪಾಚಿ ಕಟ್ಟುವುದೂ ಬೇಗ, ಹುಳುಕು ಹತ್ತುವುದೂ ಬೇಗ. ಆ ಹೂವಿನಮ್ಮನೂ ನಾಲಿಗೆ ಅಂಟಿಕೊಳ್ಳುತ್ತದೆ ಎಂದು ಬಾಯಲ್ಲಿ ಸದಾ ಪೆಪ್ಪರಮೆಂಟು ಇಟ್ಟುಕೊಂಡಿರುತ್ತಿದ್ದರು. ನಾಲಿಗೆಗೆ ಸಮಾಧಾನ, ಹಲ್ಲಿಗೆ ದಿನವಿಡೀ ಸಕ್ಕರೆ. ಆ ಮಾತ್ರೆ ಕೊಡುವಾಗ, ಬಾಯಿ ಒಣಗುತ್ತದೆ, ಆಗಾಗ ನೀರು ಗುಟುಕರಿಸಿ, ಸಿಹಿ ಚೀಪಬೇಡಿ ಎಂದು ಹೇಳುವುದಕ್ಕೆ ಅರ್ಧ ನಿಮಿಷ ಸಾಕಿತ್ತು. ತೀವ್ರ ಮಾನಸಿಕ ಕಾಯಿಲೆ ಇರುವವರು ಹಲ್ಲುಗಳನ್ನೆಲ್ಲ ಕಳೆದುಕೊಳ್ಳುವ ಸಂಭವ ಉಳಿದವರಿಗಿಂತ ಸುಮಾರು ಮೂರು ಪಟ್ಟು ಎಂದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ಹೇಳಿದ್ದಾರೆ.

ಇಂಥ ಪ್ರಯೋಗಗಳ ಲೆಕ್ಕಕ್ಕೆ ಬಾರದ ಇನ್ನೊಂದು ಸಂಗತಿಯೂ ಇದೆ, ವಾಸನೆ. ವಸಡಿನ ಬ್ಯಾಕ್ಟೀರಿಯಾ ಗಂಧಕದ ಅನಿಲ ಬಿಡುತ್ತವೆ. ಬಾಯಿ ವಾಸನೆ ಇದೆ ಎಂದು ಗೊತ್ತಾದ ಮನುಷ್ಯ ಮಾತು ಕಡಿಮೆ ಮಾಡುತ್ತಾನೆ, ಬಸ್ಸಿನಲ್ಲಿ ಕಿಟಕಿ ಕಡೆ ಮುಖ ತಿರುಗಿಸುತ್ತಾನೆ, ಮದುವೆಗೆ ಹೋದರೂ ಹಿಂದಿನ ಸಾಲಿನಲ್ಲಿ ಕೂರುತ್ತಾನೆ. ಹೂವಿನಮ್ಮ ತಮ್ಮ ಅಣ್ಣನ ಮಗಳ ಮದುವೆಗೆ ಹೋಗಿ ಧಾರೆಗೂ ನಿಲ್ಲದೆ ಬಂದಿದ್ದರಂತೆ. 'ಅತ್ತಿಗೆ ಮುಖ ಹಿಂದಕ್ಕೆ ಎಳ್ಕೊಂಡ್ರು ಡಾಕ್ಟ್ರಮ್ಮ, ಅವತ್ತಿಂದ ಯಾರ ಹತ್ರ ಮಾತಾಡಿದ್ರೂ ಎದೆ ಹೊಡ್ಕೊಳ್ಳುತ್ತೆ' ಅಂದರು. ಜಿಂಜಿಪೇನ್ ಅವರ ಮೆದುಳಿಗೆ ಹೋಗಿತ್ತೋ ಇಲ್ಲವೋ ಹೇಳಲಾರೆ. ಅವರ ವಸಡು ಅವರ ಮನಸ್ಸನ್ನು ಮುಟ್ಟಿತ್ತು ಎಂಬುದು ಮಾತ್ರ ಖಂಡಿತ.

ಅವರ ಹಲ್ಲು ಕೀಳಲಿಲ್ಲ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ನಾಲ್ಕು ಬಾರಿ ಕೂರಿಸಿ, ವಸಡಿನ ಕೆಳಗಿನ ಗಾರೆಯನ್ನೆಲ್ಲ ತೆಗೆದೆ. ಎರಡು ತಿಂಗಳಿಗೆ ರಕ್ತ ನಿಂತಿತು, ವಾಸನೆ ಹೋಯಿತು, ಸೆರಗು ಬಾಯಿಂದ ಕೆಳಗಿಳಿಯಿತು. ಗಾಬರಿಯೂ ಕಡಿಮೆಯಾಯಿತು ಎಂದು ಅವರು ಹೇಳಿದರು. ಅದು ನನ್ನಿಂದ ಆಯಿತು ಎಂದು ಹೇಳಿಕೊಳ್ಳುವ ಹಕ್ಕು ನನಗಿಲ್ಲ. ಮನೋವೈದ್ಯರ ಮಾತ್ರೆಯೂ ನಡೆಯುತ್ತಿತ್ತು.

ಆ ನಡುವೆ ನಾನು ಅವರ ಮನೋವೈದ್ಯರಿಗೆ ಒಂದು ಚೀಟಿ ಬರೆದುಕೊಟ್ಟಿದ್ದೆ: ಇಂಥಿಂಥ ರೋಗ ಇದೆ, ಬಾಯಿ ತುಂಬಾ ಒಣಗುತ್ತಿದೆ, ಸಾಧ್ಯವಾದರೆ ಮಾತ್ರೆ ಬದಲಿಸಬಹುದೇ ನೋಡಿ ಎಂದು. ಚೀಟಿ ಡಾಕ್ಟರವರೆಗೆ ಹೋಗಲೇ ಇಲ್ಲ. ಆ ಆಸ್ಪತ್ರೆಯ ಹೊರಗಿನ ಕೌಂಟರಿನಲ್ಲೇ ಯಾರೋ ನೋಡಿ, 'ಹಲ್ಲಿನವರು ಹಲ್ಲು ನೋಡ್ಕೊಳ್ಳಲಿ' ಎಂದು ವಾಪಸು ಕೊಟ್ಟಿದ್ದರು. ಹೂವಿನಮ್ಮ ಅದನ್ನು ನಾಲ್ಕಾಗಿ ಮಡಚಿ ತಂದು ನನ್ನ ಕೈಗಿತ್ತರು, ತಾವೇ ಏನೋ ತಪ್ಪು ಮಾಡಿದ ಹಾಗೆ. ಆ ಚೀಟಿ ನನ್ನ ಡ್ರಾಯರಿನಲ್ಲಿ ಈಗಲೂ ಇದೆ. ಈ ಪತ್ರ ಅಲ್ಲಿಂದ ಹುಟ್ಟಿದ್ದು.

ಮಾನ್ಯರೇ, ನಿಮ್ಮ ಇಲಾಖೆಯ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ಕೂರುತ್ತಾರೆ. ಬಹಳ ಒಳ್ಳೆಯ ಕೆಲಸ. ಹಾಸನಕ್ಕೋ ಬೆಂಗಳೂರಿಗೋ ಬಸ್ ಹತ್ತಲಾಗದ ಎಷ್ಟೋ ಜನಕ್ಕೆ ಇದರಿಂದ ಮಾತ್ರೆ ಸಿಕ್ಕಿದೆ. ಅದೇ ಕಟ್ಟಡದಲ್ಲಿ ದಂತ ವಿಭಾಗವೂ ಇರುತ್ತದೆ. ನಡುವೆ ಹೆಚ್ಚೆಂದರೆ ಒಂದು ಓಣಿ. ಆ ಓಣಿ ದಾಟಿಸುವುದಷ್ಟೇ ನನ್ನ ಬೇಡಿಕೆ. ಮನೋಚೈತನ್ಯದ ಚೀಟಿಯಲ್ಲಿ ಒಂದು ಸಾಲು ಸೇರಲಿ: ಹಲ್ಲುಜ್ಜುವಾಗ ರಕ್ತ ಬರುತ್ತದೆಯೇ, ಬಾಯಿ ಒಣಗುತ್ತದೆಯೇ? ಹೌದು ಎಂದವರನ್ನು ಅಂದೇ ಪಕ್ಕದ ಕೋಣೆಗೆ ಕಳಿಸಲಿ. ಹಾಗೆಯೇ ಹಲ್ಲಿನ ಕೋಣೆಯ ಚೀಟಿಯಲ್ಲಿ: ನಿದ್ದೆ ಬರುತ್ತದೆಯೇ, ಕಾರಣವಿಲ್ಲದೆ ಎದೆ ಹೊಡೆದುಕೊಳ್ಳುತ್ತದೆಯೇ? ನಮ್ಮ ಜನ ಮನಸ್ಸಿನ ಡಾಕ್ಟರ ಬಾಗಿಲಲ್ಲಿ ನಿಲ್ಲಲು ನಾಚುತ್ತಾರೆ, ಹಲ್ಲಿನ ಡಾಕ್ಟರ ಬಾಗಿಲಲ್ಲಿ ನಿಲ್ಲಲು ಯಾರಿಗೂ ನಾಚಿಕೆಯಿಲ್ಲ. ಬಾಯಿ ತೋರಿಸಲು ಬಂದವರು ಅಲ್ಲಿಂದಲೇ ಮನೋವೈದ್ಯರ ಹತ್ತಿರ ಹೋದರೆ, ಟೆಲಿ ಮಾನಸ್ ಸಹಾಯವಾಣಿ 14416ರ ನಂಬರ್ ಬರೆದುಕೊಂಡು ಹೋದರೆ, ಎಷ್ಟು ಜನ ಬೇಗ ಸಿಗುತ್ತಾರೆ ಯೋಚಿಸಿ.

ಕಳಿಸಿದವರಿಗೆ ಅಲ್ಲಿ ಚಿಕಿತ್ಸೆಯೂ ಸಿಗಬೇಕಲ್ಲ. ನಾನು ಶಿಬಿರಕ್ಕೆ ಹೋಗಿದ್ದ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಒಳ್ಳೆಯ ಕುರ್ಚಿ ಇತ್ತು, ಡಾಕ್ಟರೂ ಇದ್ದರು. ಹಲ್ಲಿನ ಗಾರೆ ತೆಗೆಯುವ ಸ್ಕೇಲಿಂಗ್ ಯಂತ್ರದ ತುದಿ ಸವೆದು ಏಳು ತಿಂಗಳಾಗಿತ್ತು. ಬೆರಳುದ್ದದ ಒಂದು ಬಿಡಿಭಾಗ. ಅದಿಲ್ಲದೆ ಅವರು ಮಾಡಬಹುದಾಗಿದ್ದದ್ದು ಒಂದೇ, ಹಲ್ಲು ಕೀಳುವುದು. ಹಲ್ಲುಗಳನ್ನೆಲ್ಲ ಕಳೆದುಕೊಂಡ ಬಿಪಿಎಲ್ ಕುಟುಂಬದ ಹಿರಿಯರಿಗೆ ದಂತಭಾಗ್ಯ ಯೋಜನೆಯಲ್ಲಿ ಸರ್ಕಾರ ಉಚಿತವಾಗಿ ಹಲ್ಲಿನ ಸೆಟ್ಟು ಕಟ್ಟಿಸಿಕೊಡುತ್ತದೆ. ಸೆಟ್ಟು ಹಾಕಿಸಿಕೊಂಡು ಮೊದಲ ಸಲ ಕೋಡುಬಳೆ ಕಡಿದ ಅಜ್ಜನ ಮುಖ ನೋಡಿದ್ದೇನೆ, ಆ ಯೋಜನೆಗೆ ಕೈಮುಗಿಯುತ್ತೇನೆ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆ ಮಾತ್ರ ಮನಸ್ಸಿನಿಂದ ಹೋಗುವುದಿಲ್ಲ. ಹಲ್ಲು ಇರುವಾಗಲೇ ವಸಡಿಗೆ ಖರ್ಚು ಮಾಡಿ. ಸ್ಕೇಲರ್ ತುದಿ, ಗಾರೆ ಕೆರೆಯುವ ಕ್ಯೂರೆಟ್, ಮರಗಟ್ಟಿಸುವ ಔಷಧ, ಇವು ಪ್ಯಾರಾಸಿಟಮಾಲ್ ಇದ್ದ ಹಾಗೆ ಯಾವತ್ತೂ ದಾಸ್ತಾನಿನಲ್ಲಿರಲಿ. ಎಷ್ಟು ಹಲ್ಲು ಕಿತ್ತರು ಎಂದು ಕೇಳುವ ಮೇಲಧಿಕಾರಿ ಎಷ್ಟು ಬಾಯಿಗಳ ವಸಡು ವಾಸಿಯಾಯಿತು ಎಂದೂ ಕೇಳಲಿ.

ಗೃಹ ಆರೋಗ್ಯ ಯೋಜನೆಯಲ್ಲಿ ನಿಮ್ಮ ಸಿಬ್ಬಂದಿ ಮನೆ ಬಾಗಿಲಿಗೆ ಹೋಗಿ ಬಿಪಿ, ಸಕ್ಕರೆ ನೋಡುತ್ತಾರೆ, ಬಾಯಿ ಕ್ಯಾನ್ಸರಿನ ಲಕ್ಷಣ ಇದೆಯೇ ಎಂದು ಬಾಯೊಳಗೂ ನೋಡುತ್ತಾರೆ. ಟಾರ್ಚು ಬಿಟ್ಟು ಕೆನ್ನೆಯ ಒಳಭಾಗ ನೋಡುವವರಿಗೆ, ಪಕ್ಕದಲ್ಲೇ ಇರುವ ವಸಡು ಕೆಂಪಗೆ ಊದಿದೆಯೇ, ಹಲ್ಲು ಉದ್ದವಾಗಿ ಕಾಣುತ್ತಿದೆಯೇ ಎಂದು ನೋಡುವುದನ್ನು ಕಲಿಸಲು ಒಂದು ಮಧ್ಯಾಹ್ನ ಸಾಕು. ಸಕ್ಕರೆ ಕಾಯಿಲೆ ಇರುವವರಿಗಂತೂ ಇದರ ಲಾಭ ಸಾಬೀತಾಗಿದೆ. ವಸಡಿನ ಚಿಕಿತ್ಸೆಯಿಂದ ಅವರ ಮೂರು ತಿಂಗಳ ಸರಾಸರಿ ಸಕ್ಕರೆ, ಅಂದರೆ ಎಚ್‌ಬಿಎ1ಸಿ, ಸುಮಾರು 0.4ರಷ್ಟು ಇಳಿಯುತ್ತದೆ. ಮನಸ್ಸಿನ ವಿಷಯದಲ್ಲಿ ವಿಜ್ಞಾನ ಇನ್ನೂ ಹುಡುಕುತ್ತಿರಲಿ, ಈ ಲಾಭಕ್ಕಾಗಿಯಾದರೂ ವಸಡು ನೋಡಿಸಿ.

ಹುಡುಕುವ ಕೆಲಸವನ್ನೂ ನಾವೇ ಏಕೆ ಮಾಡಬಾರದು? ನಿಮ್ಹಾನ್ಸ್ ಬೆಂಗಳೂರಿನಲ್ಲಿದೆ. ಸರ್ಕಾರಿ ದಂತ ವೈದ್ಯಕೀಯ ಕಾಲೇಜೂ ಅದೇ ಊರಿನಲ್ಲಿದೆ. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗದ ಮಾದರಿಯಲ್ಲೇ 1996ರಲ್ಲಿ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ಆರೋಗ್ಯ ಕಾರ್ಯಕರ್ತೆಯರು ಮಾನಸಿಕ ಕಾಯಿಲೆ ಗುರುತಿಸಬಲ್ಲರು ಎಂದು ದೇಶಕ್ಕೆ ತೋರಿಸಿಕೊಟ್ಟದ್ದು ನಮ್ಮ ಬಳ್ಳಾರಿ. ಈ ಸಲ ಒಂದೇ ಒಂದು ಜಿಲ್ಲೆಯಲ್ಲಿ, ಆತಂಕಕ್ಕೆ ಚಿಕಿತ್ಸೆ ಪಡೆಯುತ್ತಿರುವವರಲ್ಲಿ ವಸಡಿನ ರೋಗ ಇದ್ದವರನ್ನು ಆರಿಸಿ, ಅರ್ಧ ಜನರಿಗೆ ಈಗಲೇ ವಸಡಿನ ಚಿಕಿತ್ಸೆ, ಉಳಿದರ್ಧಕ್ಕೆ ಕೆಲವು ತಿಂಗಳ ನಂತರ ಕೊಟ್ಟು, ಎರಡೂ ಗುಂಪಿನ ಮನಸ್ಸು ಹೇಗಿದೆ ಎಂದು ಅಳೆದು ನೋಡಲಿ. ಬ್ರಿಟನ್ನಿನ ದಾಖಲೆಗಳು ಹೇಳಲಾಗದ್ದನ್ನು ಅದು ಹೇಳುತ್ತದೆ. ಫಲಿತಾಂಶ ನನ್ನ ಅನಿಸಿಕೆಗೆ ವಿರುದ್ಧವಾಗಿ ಬಂದರೂ ಅಷ್ಟು ಜನರ ವಸಡಂತೂ ವಾಸಿಯಾಗಿರುತ್ತದೆ.

ಇದನ್ನು ಓದುತ್ತಿರುವ ಉಳಿದವರಿಗೂ ಎರಡು ಮಾತು. ಮನಸ್ಸಿನ ಕಾಯಿಲೆಗೆ ಮಾತ್ರೆ ನುಂಗುತ್ತಿರುವವರು ದಯವಿಟ್ಟು ಈ ಪತ್ರ ಓದಿ ಮಾತ್ರೆ ನಿಲ್ಲಿಸಬೇಡಿ. ಸ್ಕೇಲಿಂಗ್ ಆತಂಕದ ಔಷಧವಲ್ಲ. ಬಾಯಿ ಮುಕ್ಕಳಿಸುವ ಬಾಟಲಿ ಮೆದುಳು ಕಾಪಾಡುತ್ತದೆ ಎಂದು ಯಾರಾದರೂ ಮಾರಲು ಬಂದರೆ ನಂಬಬೇಡಿ. ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂಬುದು ನಮ್ಮ ಕಡೆ ಬಹಳ ಜನರ ಭಯ. ಗಾರೆ ತೆಗೆದ ಮೇಲೆ, ಅದು ಇಷ್ಟು ದಿನ ಮುಚ್ಚಿಟ್ಟಿದ್ದ ಸಂದು ಕಾಣುತ್ತದೆ, ಅಷ್ಟೇ. ಹಲ್ಲು ಸಡಿಲವಾದದ್ದು ಮೂಳೆ ಕರಗಿದ್ದರಿಂದ, ಅದು ಎಷ್ಟೋ ವರ್ಷದ ಹಿಂದೆಯೇ ಆಗಿಹೋಗಿರುತ್ತದೆ. ಇದ್ದಿಲು, ಇಟ್ಟಿಗೆ ಪುಡಿ ಬಿಡಿ. ರಾತ್ರಿ ಮಲಗುವ ಮುಂಚೆ ಮೆತ್ತನೆಯ ಬ್ರಷ್ಷಿನಲ್ಲಿ ವಸಡಿನ ಅಂಚು ಸೇರಿಸಿ ಎರಡು ನಿಮಿಷ ಉಜ್ಜಿ. ರಕ್ತ ಬಂದರೂ ಆ ಜಾಗವನ್ನು ಬಿಡದೆ ಉಜ್ಜಿ, ಡಾಕ್ಟರಿಗೆ ತೋರಿಸಿ.

ಹೂವಿನಮ್ಮ ಈಗ ಆರು ತಿಂಗಳಿಗೊಮ್ಮೆ ತಾವಾಗಿಯೇ ಬರುತ್ತಾರೆ. ಕುರ್ಚಿ ಮೇಲೆ ಒರಗುತ್ತಲೇ 'ಇವತ್ತು ಎಷ್ಟು ಬರುತ್ತೆ ನೋಡಿ' ಅನ್ನುತ್ತಾರೆ. ಹೋದ ಸಲ ಹೆಚ್ಚಿನ ಕಡೆ ಮೂರು ಬಂತು, ಎರಡು ಕಡೆ ನಾಲ್ಕು. ಆ ನಾಲ್ಕು ಯಾವ ಹಲ್ಲಿನದು ಎಂದು ಕೇಳಿ, ಕನ್ನಡಿಯಲ್ಲಿ ನೋಡಿ ಗುರುತಿಟ್ಟುಕೊಂಡು ಹೋದರು.

ಮಾನ್ಯರೇ, ನಮ್ಮ ತಾಲ್ಲೂಕಿನ ಆಸ್ಪತ್ರೆಯಲ್ಲೇ ಪ್ರಯೋಗಕ್ಕೆಂದು ಶುರು ಮಾಡಿಸುವುದಾದರೆ ಒಂದು ಮಾತು ಹೇಳಿಕಳಿಸಿ. ಆ ಮಂಗಳವಾರ ಬೆಳಿಗ್ಗೆ ಕ್ಲಿನಿಕ್ ಮುಚ್ಚಿ ಬಂದು ಆ ಓಣಿಯಲ್ಲಿ ಕೂರುತ್ತೇನೆ. ಸಂಬಳ ಬೇಡ. ಕನ್ನಡಿ, ಪ್ರೋಬ್ ನನ್ನವೇ ತರುತ್ತೇನೆ, ಸ್ಕೇಲರಿನ ತುದಿಯನ್ನೂ ತರುತ್ತೇನೆ.

ಇತಿ,
ತಮ್ಮ ವಿಶ್ವಾಸಿ,
ತಾಲ್ಲೂಕು ಊರಿನ ಒಬ್ಬ ದಂತವೈದ್ಯೆ,
ಹಾಸನ ಜಿಲ್ಲೆ